ನೀರು ಕೇಳಿದವನ ಹೆಸರು

ಶಹಾಬಾದ
೧೯ ಫೆಬ್ರವರಿ ೧೯೩೭

ಚಿ. ಸೌ. ಗುರುದೇವಿಗೆ ಅಪ್ಪನ ಆಶೀರ್ವಾದ.

ನಿನ್ನೆ ಸಂಜೆ ಮನೆ ಮುಟ್ಟಿದೆ. ವಾಡಿಯಲ್ಲಿ ಗಾಡಿ ಬದಲಿಸಲು ಕುಳಿತಿದ್ದಾಗ ಪಕ್ಕದ ಬಾಕಿನ ಮೇಲೆ ಇಬ್ಬರು ಕಾಳಿನ ವ್ಯಾಪಾರಿಗಳು ನಿನ್ನ ಸುದ್ದಿಯನ್ನೇ ಆಡುತ್ತಿದ್ದರು. ಕೊಡ್ಲಿಯಲ್ಲಿ ಯಾವಳೋ ಒಬ್ಬ ಹೆಣ್ಣುಮಗಳು ಬಂದೂಕು ಹಿಡಿದು ಹತ್ತು ಜನ ದರೋಡೆಕೋರರನ್ನು ಅಟ್ಟಿದಳಂತೆ. ಕೊಡ್ಲಿಯಲ್ಲಿ ನಾಲ್ವರಿದ್ದವರು ವಾಡಿಗೆ ಬರುವಷ್ಟರಲ್ಲಿ ಹತ್ತು ಜನವಾಗಿದ್ದರು. ಆಕೆ ನನ್ನ ಮಗಳು ಎಂದು ಹೇಳಬೇಕೆಂದು ಬಾಯಿ ತೆರೆದೆ. ಯಾಕೋ ಗಾಡಿ ಎಷ್ಟು ಹೊತ್ತಿಗೆ ಎಂದು ಕೇಳಿದೆ.

ನಿಮ್ಮ ಮನೆಯಲ್ಲಿದ್ದಷ್ಟು ದಿನವೂ ನೋಡಲು ಬಂದವರಿಗೆಲ್ಲ ಅಳಿಯ ರೇವಣಸಿದ್ಧಪ್ಪನವರೇ ನಡೆದದ್ದನ್ನು ಹೇಳಿದರು. ಕೇಳಿ ಕೇಳಿ ನನಗೂ ಬಾಯಿಪಾಠವಾಗಿದೆ. ಆ ದಿನ ಅವರು ತಹಸೀಲ ಕಚೇರಿಯ ಕೆಲಸಕ್ಕೆ ಚಿಂಚೋಳಿಗೆ ಹೋಗಿದ್ದರು. ಊರಿಗೆ ಊರೇ ಜೋಳದ ಕೊಯ್ಲಿಗೆ ಹೊಲ ಸೇರಿತ್ತು. ಮನೆಯಲ್ಲಿ ಹಾಸಿಗೆ ಹಿಡಿದ ನಿಮ್ಮತ್ತೆ ಮತ್ತು ನೀನು, ಇಬ್ಬರೇ. ಹೊತ್ತು ಇಳಿಯುವಾಗ ನಾಲ್ವರು ಹಿತ್ತಿಲ ಬಾಗಿಲಿನಿಂದ ನುಗ್ಗಿದರು. ಒಬ್ಬ ನಿಮ್ಮತ್ತೆಯ ಕೊರಳಿನ ಸರಕ್ಕೆ ಕೈಹಾಕಿದ. ಕಾಡುಹಂದಿ ಓಡಿಸಲೆಂದು ಮದ್ದು ತುಂಬಿಟ್ಟ ಬಂದೂಕು ಕಾಳಿನ ಕೋಣೆಯ ಗೋಡೆಗೆ ಒರಗಿತ್ತು. ನೀನು ಅದನ್ನು ತಂದು ಹಾರಿಸಿದೆ. ಒಬ್ಬ ಅಂಗಳದಲ್ಲಿ ಬಿದ್ದ, ಉಳಿದವರು ಗೋಡೆ ಹಾರಿ ಓಡಿದರು. ಇಷ್ಟನ್ನೂ ಅಳಿಯಂದಿರು ಕಣ್ಣಾರೆ ಕಂಡವರ ಹಾಗೆ ಹೇಳುತ್ತಾರೆ. ನೀನು ಮಾತ್ರ ಜನ ಬಂದಾಗಲೆಲ್ಲ ಒಳಗೆ ಹೋಗಿ ಏನಾದರೊಂದು ಕೆಲಸ ಹಿಡಿದೆ.

ಹೊರಡುವ ದಿನ ನಿಮ್ಮತ್ತೆ ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡರು. ಜನ ಹೊಲದಿಂದ ಓಡಿ ಬಂದಾಗ ನೀನು ಆ ಸತ್ತವನ ಪಕ್ಕದಲ್ಲೇ ಕುಳಿತಿದ್ದೆಯಂತೆ. ಎಬ್ಬಿಸಿದರೂ ಏಳಲಿಲ್ಲವಂತೆ. ಅದನ್ನು ಅಳಿಯಂದಿರು ಯಾರಿಗೂ ಹೇಳುವುದಿಲ್ಲ.

ನಿನ್ನ ತಾಯಿ ಇದ್ದಿದ್ದರೆ ಕೇಳುವ ಬಗೆ ಅವಳಿಗೆ ಗೊತ್ತಿರುತ್ತಿತ್ತು. ನಾನು ಕಲ್ಲು ಮಾರುವವನು, ನನಗೆ ಅದು ಬಾರದು. ನೀನು ಮಾಡಿದ್ದು ತಪ್ಪಲ್ಲ ಎಂದು ಮಾತ್ರ ಬರೆಯುತ್ತೇನೆ. ಅನ್ನ ಬಿಡಬೇಡ.

ನಿನ್ನ ಅಪ್ಪ
ಅಮೃತಪ್ಪ


ಕೊಡ್ಲಿ
೧೪ ಮಾರ್ಚ್ ೧೯೩೭

ತೀರ್ಥರೂಪ ಅಪ್ಪನವರಿಗೆ ಗುರುದೇವಿಯ ಶರಣಾರ್ಥಿ.

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಬರೆಯಲು ಕುಳಿತಾಗಲೆಲ್ಲ ಯಾರಾದರೂ ಬರುತ್ತಾರೆ. ಮೊನ್ನೆ ಚಿಂಚೋಳಿ ಪೋಲೀಸ್ ಠಾಣೆಯ ಅಮೀನ ಜಿಲಾನಿ ಸಾಹೇಬರು ಮತ್ತೆ ಬಂದಿದ್ದರು. ಸತ್ತವನು ಯಾರೆಂದು ಸುತ್ತಲಿನ ಹಳ್ಳಿಗಳಲ್ಲೆಲ್ಲ ಕೇಳಿಸಿದ್ದಾರೆ, ಗುರುತು ಹತ್ತಿಲ್ಲ. ಗುರುತು ಸಿಕ್ಕರೆ ಅವನ ಮನೆಯವರನ್ನು ಹಿಡಿದು ತಂದು ಓಡಿಹೋದ ಮೂವರ ಹೆಸರು ಹೇಳಿಸುತ್ತಾರಂತೆ. ಸತ್ತವನನ್ನು ಊರ ತಳವಾರರು ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿದ್ದಾರೆ.

ಈ ಸಲ ಅಮೀನ ಸಾಹೇಬರಿಗೆ ಇನ್ನೊಂದು ಕೆಲಸವೂ ಇತ್ತು. ಪರವಾನಗಿಯ ಬಂದೂಕು ಇಟ್ಟುಕೊಂಡವರಲ್ಲಿ ಎಷ್ಟು ಜನ ಕಳ್ಳರಿಂದ ತಮ್ಮನ್ನು ಕಾಪಾಡಿಕೊಂಡಿದ್ದಾರೆ ಎಂದು ಮೇಲಿನವರು ಕೇಳಿದ್ದಾರಂತೆ. ನಮ್ಮ ಕಟ್ಟೆಯ ಮೇಲೆ ಬಂದೂಕಿದ್ದವರೆಲ್ಲ ಸೇರಿದ್ದರು. ಕೇಳಿದರೆ ಪ್ರತಿಯೊಬ್ಬರೂ ಕಳ್ಳರನ್ನು ಓಡಿಸಿದವರೇ. ಒಬ್ಬರು ಕತ್ತಲಲ್ಲಿ ಸಪ್ಪಳ ಕೇಳಿ ಹಾರಿಸಿದ್ದರಂತೆ, ಬೆಳಗಾದ ಮೇಲೆ ಯಾರೂ ಇರಲಿಲ್ಲ, ಆದ್ದರಿಂದ ಕಳ್ಳರು ಓಡಿಹೋದರು ಎಂದೇ ಲೆಕ್ಕ. ಎಲ್ಲರೂ ಹೋದ ಮೇಲೆ ಅಮೀನ ಸಾಹೇಬರು ನೀರು ಕೇಳಿದರು. ತಂಬಿಗೆ ತಂದ ನಾನು ಅಂಗಳದ ನಡುವೆ ಕಾಲಿಡದೆ ಬದಿಯಿಂದ ಬಂದದ್ದನ್ನು ನೋಡಿದರು ಎಂದು ಕಾಣುತ್ತದೆ.

"ನಾ ಪೋಲೀಸದಾಗ ಮುದುಕ ಆಗೀನಿ ತಾಯಿ," ಎಂದರು. "ಬಂದೂಕಿದ್ದ ಮನಿಗಿ ಡಾಕಾ ಬಿದ್ದದ್ದು ಭಾಳ ನೋಡೀನಿ. ಕಳ್ಳರು ಬಂದಾಗ ಬಂದೂಕು ಒಂದ್ಕಡಿ ಇರ್ತದ, ಯಜಮಾನ ಒಂದ್ಕಡಿ ಇರ್ತಾನ. ಖರೇನ ಹಾರ್ಸಿದವರು ಯಾರಂತ ಹುಡಿಕಿದ್ರ ಬೆರಳು ಮಡಚಲಿಕ್ಕೂ ಸಿಗಂಗಿಲ್ಲ. ಹಾರ್ಸಿದವರು ಆಮ್ಯಾಲ ನಿದ್ದಿ ಮಾಡ್ತಾರೋ ಇಲ್ಲೋ, ಅದನ್ನ ಮ್ಯಾಲಿನವರು ಕೇಳಿಲ್ಲ."

ನಮ್ಮ ಮನೆಯವರು ಈಗ ತೋಟಾ ಹಾಕುವ ಹೊಸ ಬಂದೂಕಿಗೆ ಪರವಾನಗಿ ಕೇಳಿ ಅರ್ಜಿ ಕೊಟ್ಟಿದ್ದಾರೆ. ಊರಲ್ಲಿ ಇನ್ನೂ ಅನೇಕರು ಕೊಟ್ಟಿದ್ದಾರೆ. ಬಂದೂಕು ಯಾಕೆ ಬೇಕು ಎಂಬಲ್ಲಿ ಎಲ್ಲರೂ ನನ್ನ ಹೆಸರು ಬರೆಸಿದ್ದಾರಂತೆ.

ಅಪ್ಪಾ, ನಿಮ್ಮಿಂದ ಒಂದು ಕೆಲಸ ಆಗಬೇಕು. ನಿಮ್ಮ ಹತ್ತಿರದ ಭಂಕೂರದಲ್ಲಿ ಭೀಮಶಾ ಎಂಬುವನೊಬ್ಬನ ಮನೆ ಇರಬೇಕು. ಖಣಿಯಲ್ಲಿ ಕೆಲಸ ಮಾಡಿದವನು, ಒಂದು ಕಣ್ಣಿಲ್ಲ. ಮನೆಯಲ್ಲಿ ಯಾರಿದ್ದಾರೆ, ಹೇಗಿದ್ದಾರೆ ಎಂದು ಸುಮ್ಮನೆ ತಿಳಿದು ಬರೆಯಿರಿ. ನಾನು ಕೇಳಿದೆನೆಂದು ಯಾರಿಗೂ ಹೇಳಬೇಡಿ. ಯಾಕೆಂದು ನೀವೂ ಈಗ ಕೇಳಬೇಡಿ.

ನಿಮ್ಮ ಮಗಳು
ಗುರುದೇವಿ


ಶಹಾಬಾದ
೬ ಏಪ್ರಿಲ್ ೧೯೩೭

ಚಿ. ಸೌ. ಗುರುದೇವಿಗೆ ಆಶೀರ್ವಾದ.

ನೀನು ಕೇಳಿದ ಮನೆಯನ್ನು ನಾನು ಹುಡುಕಬೇಕಾಗಲಿಲ್ಲ. ಆ ಮನೆಯವಳೇ ನನ್ನ ಅಂಗಡಿಗೆ ಬರುತ್ತಾಳೆ.

ನಮ್ಮ ಓಣಿಯ ಬಳೆಗಾರ್ತಿ ಇಮಾಮ್ಬೀ ನಿನಗೆ ಗೊತ್ತಲ್ಲ, ಭಂಕೂರಕ್ಕೆ ಬಳೆ ತೊಡಿಸಲು ಹೋಗುತ್ತಾಳೆ. ಶಿವರಾತ್ರಿ ಕಳೆದ ಮೇಲೆ ಒಂದು ದಿನ ಆಕೆ ಒಬ್ಬ ಹೆಂಗಸನ್ನು ಕರೆದುಕೊಂಡು ಬಂದಳು. ಹೆಸರು ಸಾಬವ್ವ. ಖಣಿಯಲ್ಲಿ ಚಕ್ಕೆ ಆಯುವ ಕೆಲಸ, ಕಂಕುಳಲ್ಲಿ ಹೆಣ್ಣು ಕೂಸು. ಗಂಡ ಸೋಲಾಪುರದ ಗಿರಣಿಗೆ ಹೋಗಿದ್ದಾನೆ, ಅವನಿಗೆ ಒಂದು ಕಾಗದ ಬರೆದುಕೊಡಿ ಎಂದಳು. ಗಂಡನ ಹೆಸರನ್ನು ಅವಳ ಬಾಯಿಂದ ಹೇಳಿಸುವುದೇ ಕಷ್ಟವಾಯಿತು, ಕೊನೆಗೆ ಇಮಾಮ್ಬೀ ಹೇಳಿದಳು. ಭೀಮಶಾ. ಖಣಿಯಲ್ಲಿ ಚಕ್ಕೆ ಸಿಡಿದು ಅವನ ಒಂದು ಕಣ್ಣು ಹೋದ ಮೇಲೆ ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲವಂತೆ. ಗಿರಣಿಯಲ್ಲಿ ಒಂದು ಕಣ್ಣು ಸಾಕು ಎಂದು ಯಾರೋ ಹೇಳಿದರಂತೆ. ಜೋಳದ ಸುಗ್ಗಿಯ ಹೊತ್ತಿಗೆ ಹೊರಟುಹೋದ. ಅಂದಿನಿಂದ ಸುದ್ದಿ ಇಲ್ಲ.

ಆಗಿನಿಂದ ಮತ್ತೆ ಮತ್ತೆ ಬಂದಿದ್ದಾಳೆ. ಕಲ್ಲಿನ ರಾಶಿಯ ನೆರಳಿಗೆ ಕುಳಿತು, ಅವನು ಎದುರಿಗೆ ಇದ್ದಾನೆ ಎಂಬಂತೆ ಹೇಳುತ್ತಾಳೆ. ಒಮ್ಮೆ ಬೈಯುತ್ತಾಳೆ, ಒಮ್ಮೆ ನಗುತ್ತಾಳೆ. ನಾನು ಬರೆಯುತ್ತೇನೆ. ಗಿರಣಿಯ ಹೆಸರು ಅವಳಿಗೆ ಗೊತ್ತಿಲ್ಲ. ಸೋಲಾಪುರದ ಗಿರಣಿ ಎಂದಷ್ಟೇ ಬರೆದು ಟಪಾಲಿಗೆ ಹಾಕುತ್ತೇನೆ. ಒಂದು ಕಾಗದ ಮೇಲೆಲ್ಲ ಮುದ್ರೆ ಬಡಿಸಿಕೊಂಡು ತಿರುಗಿ ಬಂತು. ಅದನ್ನು ಅವಳಿಗೆ ತೋರಿಸಲಿಲ್ಲ. ಉತ್ತರ ಬರುತ್ತದೆ, ಗಿರಣಿ ಕೆಲಸ, ಬಿಡುವಿರುವುದಿಲ್ಲ ಎಂದು ಹೇಳಿ ಕಳಿಸುತ್ತಿದ್ದೇನೆ.

ನೀನು ಕೊಡ್ಲಿಯಲ್ಲಿ ಕುಳಿತು ಭಂಕೂರದ ಒಬ್ಬ ಖಣಿಯವನ ಕಣ್ಣಿನ ಸುದ್ದಿ ಹೇಗೆ ತಿಳಿದೆ? ಕೇಳಬೇಡ ಎಂದು ಬರೆದಿದ್ದೀಯ. ಆದರೂ ನಿನ್ನ ಕಾಗದ ಓದಿದ ಮೇಲೆ ಸಾಬವ್ವ ಬಂದಾಗ ನನಗೆ ಅವಳ ಮುಖ ನೋಡಿ ಬರೆಯಲಾಗಲಿಲ್ಲ. ಏನೋ ಇದೆ ಎಂದು ಮನಸ್ಸಿಗೆ ತಿಳಿದಿದೆ, ಅದು ಏನೆಂದು ನಾನಾಗಿ ಹೇಳಿಕೊಳ್ಳಲು ಧೈರ್ಯವಿಲ್ಲ.

ನಿನ್ನ ಅಪ್ಪ
ಅಮೃತಪ್ಪ


ಕೊಡ್ಲಿ
೨ ಮೇ ೧೯೩೭

ತೀರ್ಥರೂಪ ಅಪ್ಪನವರಿಗೆ ಶರಣಾರ್ಥಿ.

ನಿಮಗೆ ತಿಳಿದಿದೆ. ಆದರೂ ನಡೆದದ್ದನ್ನು ನನ್ನ ಕೈಯಿಂದಲೇ ಬರೆಯುತ್ತೇನೆ.

ಬಂದೂಕು ಕಂಡೊಡನೆ ಅತ್ತೆಯ ಹತ್ತಿರ ಇದ್ದವನು ಸರ ಬಿಟ್ಟು ಅಂಗಳಕ್ಕೆ ಓಡಿದ. ನಾನು ಅವನ ಹಿಂದೆಯೇ ಬಾಗಿಲಿಗೆ ಬಂದೆ. ಮೂವರು ಗೋಡೆ ಹತ್ತುತ್ತಿದ್ದರು. ಒಬ್ಬ ಮಾತ್ರ ಅಂಗಳದ ನಡುವೆ ನನ್ನ ಕಡೆ ಮುಖ ಮಾಡಿ ನಿಂತಿದ್ದ. ಕೈಯಲ್ಲಿ ಬಡಿಗೆ, ತಲೆಯ ಮಟ್ಟಕ್ಕೆ. ಅವನು ಅದನ್ನು ಮೇಲೆತ್ತುತ್ತಿದ್ದನೋ, ಕೆಳಗೆ ಹಾಕುತ್ತಿದ್ದನೋ ನನಗೆ ತಿಳಿಯದು. ಎತ್ತಿ ಹೊಡೆಯಲು ಬಂದ ಎಂದು ಇವರು ಎಲ್ಲರಿಗೂ ಹೇಳುತ್ತಾರೆ. ಆ ಹೊತ್ತಿಗೆ ನನಗೆ ತಿಳಿಯಲಿಲ್ಲ, ಆಮೇಲೆ ಎಷ್ಟು ಸಲ ನೋಡಿದರೂ ತಿಳಿಯುತ್ತಿಲ್ಲ. ಜೋಳ ಬೀಸುವಾಗ, ಹಾಲು ಕಾಸುವಾಗ ಆ ಬಡಿಗೆ ನನ್ನೆದುರು ಅದೇ ಎತ್ತರದಲ್ಲಿ ನಿಂತಿರುತ್ತದೆ. ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ನಾನು ಹಾರಿಸಿದೆ, ಅವನು ಬಿದ್ದ. ಅತ್ತೆಗೆ ಕಿವಿ ಮಂದ, ಅವರು ಒಳಗೆ ಗೋಡೆಯ ಕಡೆ ಮುಖ ಮಾಡಿ ದೇವರನ್ನು ಕರೆಯುತ್ತಿದ್ದರು. ಅವನು ನೀರು ಕೇಳಿದ. ನಾನು ಬಂದೂಕು ಕೆಳಗಿಟ್ಟು ತಂಬಿಗೆ ತಂದೆ, ತಲೆ ಎತ್ತಿ ಹಿಡಿದು ಕುಡಿಸಿದೆ. ಅರ್ಧ ಹೊರಗೇ ಹೋಯಿತು. ನಿನ್ನದು ಯಾವ ಊರು ಎಂದು ಕೇಳಿದೆ. ಯಾಕೆ ಕೇಳಿದೆನೋ. ಮನೆಗೆ ಬಂದವರನ್ನು ಕೇಳುವ ಹಾಗೆ ಬಾಯಿಂದ ಬಂತು. ಅವನು ಊರು ಹೇಳಿದ, ಹೆಸರು ಹೇಳಿದ, ಖಣಿಯವನು ಎಂದ. ಆಮೇಲೆ ನನ್ನ ಸೆರಗು ಹಿಡಿದುಕೊಂಡ.

"ಆಕಿಗಿ ಹೇಳಬ್ಯಾಡ್ರಿ ಬಾಯಿ. ಸೋಲಾಪುರಕ್ಕ ಹೋಗ್ತೀನಿ ಅಂತ ಹೇಳಿ ಬಂದೀನಿ. ಕಳುವಿಗಿ ಹೋಗಿ ಸತ್ತ ಅಂತ ಹೇಳಬ್ಯಾಡ್ರಿ."

ಹೇಳುವುದಿಲ್ಲ ಎಂದೆ. ಅವನಿಗೆ ಕೇಳಿಸಿತೋ ಇಲ್ಲವೋ. ಜನ ಬರುವವರೆಗೆ ಸೆರಗು ಅವನ ಕೈಯಲ್ಲೇ ಇತ್ತು, ಅದಕ್ಕೇ ನಾನು ಏಳಲಿಲ್ಲ.

ಅಮೀನ ಸಾಹೇಬರು ಸತ್ತವನು ಏನಾದರೂ ಮಾತಾಡಿದನೇ ಎಂದು ಕೇಳಿದಾಗ ಇಲ್ಲ ಎಂದೆ. ಇವರಿಗೂ ಹೇಳಿಲ್ಲ. ಹೇಳಿದರೆ ಹೆಸರು ಚಿಂಚೋಳಿಗೆ ಮುಟ್ಟುತ್ತದೆ, ಅಲ್ಲಿಂದ ಭಂಕೂರಕ್ಕೆ ಜವಾನರು ಹೋಗುತ್ತಾರೆ. ಅವಳು ಕೂಸು ಕಟ್ಟಿಕೊಂಡು ಠಾಣೆಯಲ್ಲಿ ಕುಳಿತುಕೊಳ್ಳಬೇಕು. ಹೇಳದಿದ್ದರೆ ಅವಳು ನಿಮ್ಮ ಅಂಗಡಿಯ ನೆರಳಿನಲ್ಲಿ ಕುಳಿತುಕೊಳ್ಳುತ್ತಾಳೆ. ನಿಮ್ಮ ಕಾಗದ ಬರುವವರೆಗೆ ಅವಳಿಗೆ ಒಂದು ಮುಖವಿರಲಿಲ್ಲ. ಈಗ ಇದೆ.

ಏನು ಮಾಡಲಿ, ಬರೆಯಿರಿ.

ನಿಮ್ಮ ಮಗಳು
ಗುರುದೇವಿ


ಶಹಾಬಾದ
೨೫ ಜುಲೈ ೧೯೩೭

ಚಿ. ಸೌ. ಗುರುದೇವಿಗೆ ಆಶೀರ್ವಾದ.

ಇಷ್ಟು ದಿನ ಉತ್ತರ ಬರೆಯದೆ ಇದ್ದುದಕ್ಕೆ ಮೈ ಸರಿಯಿಲ್ಲವೆಂದು ಬರೆಯಬಹುದಿತ್ತು. ಮೈ ಚೆನ್ನಾಗಿಯೇ ಇದೆ.

ನಿನ್ನ ಕಾಗದ ಬಂದ ವಾರದಲ್ಲೇ ಸಾಬವ್ವ ಬಂದಳು. ಕಣ್ಣು ಬೇನೆ ಎಂದು ಹೇಳಿ ಕಳಿಸಿದೆ. ಮತ್ತೆ ಬಂದಳು, ಅದನ್ನೇ ಹೇಳಿದೆ. ಮೂರನೆಯ ಸಲ ಬಂದಾಗ ನನ್ನ ಕಣ್ಣಿಗೆ ಕಟ್ಟಲು ಏನೋ ಸೊಪ್ಪು ಅರೆದು ತಂದಿದ್ದಳು. ಆ ದಿನ ನಾನು ಅಂಗಡಿ ಮುಚ್ಚಿ ಮನೆಗೆ ಬಂದುಬಿಟ್ಟೆ.

ಸೋಲಾಪುರದಿಂದ ಬಂದ ಹಾಗೆ ಒಂದು ಉತ್ತರ ನಾನೇ ಬರೆದರೆ ಹೇಗೆ ಎಂದು ಯೋಚಿಸಿದ್ದೂ ಉಂಟು. ಬರೆದೆ ಕೂಡ. ಕೂಸನ್ನು ಚೆನ್ನಾಗಿ ನೋಡಿಕೋ ಎಂಬಲ್ಲಿಗೆ ಬಂದಾಗ ಕೈ ನಿಂತಿತು. ಸತ್ತವನ ಬಾಯಲ್ಲಿ ನಾನು ಮಾತಾಡುತ್ತಿದ್ದೇನೆ ಎನ್ನಿಸಿ ಹರಿದು ಹಾಕಿದೆ.

ನನ್ನ ಮನಸ್ಸಿನಲ್ಲಿ ಇದ್ದದ್ದು ಇಷ್ಟು. ಅವನ ಕೊನೆಯ ಮಾತೇ ಹೇಳಬೇಡಿ ಎಂದಿತ್ತು. ನೀನು ಮಾತು ಕೊಟ್ಟಿದ್ದೀಯ. ಹೇಳಿದರೆ ನೀನು ಅಮೀನರ ಮುಂದೆ ಸುಳ್ಳು ಹೇಳಿದ್ದು ಹೊರಬೀಳುತ್ತದೆ, ಅಳಿಯಂದಿರ ಮಾನದ ಪ್ರಶ್ನೆಯೂ ಬರುತ್ತದೆ. ಆದ್ದರಿಂದ ಸುಮ್ಮನಿರು ಎಂದು ಬರೆಯಲು ಹಲವು ಸಲ ಕುಳಿತೆ. ಆದರೆ ಸಾಬವ್ವ ಇನ್ನೂ ಸಣ್ಣವಳು, ನಿನ್ನ ಓರಗೆಯವಳು. ಅವರಲ್ಲಿ ಗಂಡ ಸತ್ತವಳಿಗೆ ಉಡಿಕೆಯ ಮರುಮದುವೆ ನಡೆಯುತ್ತದೆ. ಬಾರದ ಗಂಡನ ದಾರಿ ನೋಡುತ್ತ ಅವಳು ಮುದುಕಿಯಾದರೆ ಅದಕ್ಕೆ ಯಾರು ಹೊಣೆ? ಅವನು ತನ್ನ ಮರ್ಯಾದೆಗೆಂದು ಹೇಳಬೇಡಿ ಅಂದ. ಅವಳ ಆಯುಷ್ಯದ ಬಗ್ಗೆ ಯೋಚಿಸಲು ಅವನಿಗೆ ಹೊತ್ತಿರಲಿಲ್ಲ.

ಇದಕ್ಕಿಂತ ಮುಂದೆ ನನಗೆ ತೋಚುತ್ತಿಲ್ಲ. ನಾಗರಪಂಚಮಿಗೆ ಬಾ. ಅಳಿಯಂದಿರಿಗೆ ಬೇರೆ ಕಾಗದ ಬರೆದಿದ್ದೇನೆ, ಕಳಿಸಿಕೊಡುತ್ತಾರೆ.

ನಿನ್ನ ಅಪ್ಪ
ಅಮೃತಪ್ಪ


ಕೊಡ್ಲಿ
೨೨ ಆಗಸ್ಟ್ ೧೯೩೭

ತೀರ್ಥರೂಪ ಅಪ್ಪನವರಿಗೆ ಶರಣಾರ್ಥಿ.

ಚಿತಾಪುರದಲ್ಲಿ ಇಳಿದು ಬಂಡಿಯಲ್ಲಿ ಸುಖವಾಗಿ ಬಂದು ಮುಟ್ಟಿದೆ. ಸ್ಟೇಶನ್ನಿನಲ್ಲಿ ನೀವು ನನ್ನ ಮುಖ ನೋಡುತ್ತ ನಿಂತಿದ್ದಿರಿ. ಭಂಕೂರದಲ್ಲಿ ಏನಾಯಿತೆಂದು ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಬರೆಯುತ್ತೇನೆ.

ಇಮಾಮ್ಬೀ ನನ್ನನ್ನು ಅವಳ ಮನೆಯ ತನಕ ಬಿಟ್ಟು, ಬಳೆಯ ಗಂಟು ಬಿಚ್ಚಿ ಓಣಿಯ ಹೆಂಗಸರನ್ನು ತನ್ನ ಸುತ್ತ ಕೂರಿಸಿಕೊಂಡಳು. ಮನೆಯೆಂದರೆ ಖಣಿಯ ಹಾಳು ಕಲ್ಲು ಒಟ್ಟಿ ಕಟ್ಟಿದ ಒಂದೇ ಕೋಣೆ. ಸಾಬವ್ವ ಹಬ್ಬಕ್ಕೆ ಜೋಳದ ಅಳ್ಳು ಹುರಿಯುತ್ತಿದ್ದಳು. ಕಲ್ಲಿನಂಗಡಿ ಅಮೃತಪ್ಪನವರ ಮಗಳೆಂದು ಕೇಳಿ ಸಂಭ್ರಮಪಟ್ಟಳು. ಕಾಗದ ಬಂತೇನು ಎಂದು ಕೇಳಿದಳು. ನಾನು ಸೋಲಾಪುರದ ಕಾಗದ ತಂದಿದ್ದೇನೆ ಎಂದು ಅವಳು ತಿಳಿದಿದ್ದಳು, ಅಪ್ಪಾ.

ಕುಳಿತು ಎಲ್ಲ ಹೇಳಿದೆ. ಮೊದಲು ನನ್ನ ಊರು ಹೇಳಿದೆ, ಆಮೇಲೆ ಬಂದೂಕು, ಬಡಿಗೆ, ಆಮೇಲೆ ಅವನ ಹೆಸರು. ಅವಳು ಕೂಗಲಿಲ್ಲ. ಒಲೆಯ ಮೇಲಿನ ಅಳ್ಳು ಸಿಡಿಯುತ್ತಲೇ ಇತ್ತು, ಕಪ್ಪಾಗಿ ಹೊಗೆ ಬಂದ ಮೇಲೆ ಇಳಿಸಿದಳು. ನೀರು ಕುಡಿಸಿದ್ದನ್ನು ಮತ್ತೆ ಹೇಳು ಎಂದಳು. ಹೇಳಿದೆ. ನುಂಗಿದನೇ ಎಂದು ಕೇಳಿದಳು. ಸ್ವಲ್ಪ ನುಂಗಿದ ಎಂದೆ. ಕೂಸು ಅಂಬೆಗಾಲಿಟ್ಟು ಬಂದು ನನ್ನ ಕಾಲುಂಗುರ ಹಿಡಿದು ಆಡುತ್ತಿತ್ತು. ಅವಳು ಅದನ್ನು ಎಳೆದುಕೊಳ್ಳಲಿಲ್ಲ.

ಆಮೇಲೆ ಕೇಳಿದಳು: "ನೀವು ಹೊಡೀಲಿಲ್ಲಂದ್ರ ಅವ ನಿಮಗ ಹೊಡೀತಿದ್ನೇನ್ರಿ?"

ನನ್ನ ಊರಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿಲ್ಲ. ಕೇಳಿದ್ದರೂ ಎಲ್ಲರಿಗೂ ಉತ್ತರ ಗೊತ್ತಿದೆ. ಹೌದು ಎಂದರೆ ನನ್ನ ಭಾರ ಇಳಿಯುತ್ತಿತ್ತು, ಇಲ್ಲ ಎಂದರೆ ಅವಳದು ಇಳಿಯುತ್ತಿತ್ತೇನೋ.

"ನಂಗ ಗೊತ್ತಿಲ್ಲವ್ವ," ಎಂದೆ.

ಅವಳು ಎದ್ದು, ಹೊತ್ತಾಯಿತು, ನಿಮ್ಮ ಗಾಡಿ ತಪ್ಪುತ್ತದೆ ಎಂದಳು. ಬಾಗಿಲಿನ ತನಕ ಬಂದು, ಕಪ್ಪಾಗದೆ ಉಳಿದ ಅಳ್ಳನ್ನು ನನ್ನ ಉಡಿಗೆ ಹಾಕಿದಳು. ಹಬ್ಬದ ದಿನ ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸಬಾರದೆಂದು ಹಾಕಿದಳೋ, ಏನೆಂದು ಹಾಕಿದಳೋ. ಗಾಡಿಯಲ್ಲಿ ಅದನ್ನು ತಿನ್ನಲೂ ಆಗಲಿಲ್ಲ, ಚೆಲ್ಲಲೂ ಆಗಲಿಲ್ಲ. ಮನೆಗೆ ತಂದು ಅತ್ತೆಗೆ ಕೊಟ್ಟೆ. ನಿನ್ನ ತವರಿನ ಅಳ್ಳು ಚೆನ್ನಾಗಿವೆ ಎಂದು ತಿಂದರು.

ಅವಳು ಮತ್ತೆ ನಿಮ್ಮ ಅಂಗಡಿಗೆ ಬಂದರೆ ಬರೆಯಿರಿ. ಬಾರದಿದ್ದರೂ ಬರೆಯಿರಿ.

ನಿಮ್ಮ ಮಗಳು
ಗುರುದೇವಿ


ಶಹಾಬಾದ
೨೦ ಅಕ್ಟೋಬರ್ ೧೯೩೭

ಚಿ. ಸೌ. ಗುರುದೇವಿಗೆ ಆಶೀರ್ವಾದ.

ಸಾಬವ್ವ ಮಹಾನವಮಿಯವರೆಗೆ ಬರಲಿಲ್ಲ. ಖಣಿಯ ದಾರಿಯಲ್ಲಿ ಒಂದೆರಡು ಸಲ ಕಂಡಳು. ಹಣೆಯಲ್ಲಿ ಕುಂಕುಮ, ಕೈತುಂಬ ಬಳೆ. ನಾನು ನಿಂತೆ, ಅವಳು ನಿಲ್ಲಲಿಲ್ಲ. ಯಾರಿಗೂ ಏನೂ ಹೇಳಿಲ್ಲವೆಂದು ಇಮಾಮ್ಬೀಯಿಂದ ತಿಳಿಯಿತು. ಗಂಡ ಎಲ್ಲಿ ಎಂದು ಕೇಳಿದವರಿಗೆ ಸೋಲಾಪುರ ಎಂದೇ ಹೇಳುತ್ತಾಳಂತೆ.

ಇಂದು ಮುಂಜಾನೆ ಅಂಗಡಿ ತೆರೆಯುವಾಗ ಬಂದು ಕುಳಿತಳು. ಒಂದು ಕಾಗದ ಬರೆಯಬೇಕು ಎಂದಳು. ಯಾರಿಗೆ ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು, ಅವನಿಗೇ ಬರೆಯಬೇಕು, ಈ ಸಲ ಸೋಲಾಪುರಕ್ಕೆ ಬೇಡ, ಕೊಡ್ಲಿಗೆ ಕಳಿಸಿರಿ ಎಂದು. ಅವನನ್ನು ಮಣ್ಣು ಮಾಡಿದ ಜಾಗದಲ್ಲಿ ನಿಂತು ನೀನು ಅದನ್ನು ಗಟ್ಟಿಯಾಗಿ ಓದಬೇಕಂತೆ. ಬೇರೆ ಯಾರೂ ಓದಬಾರದಂತೆ.

ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ. ಒಂದು ಅಕ್ಷರವನ್ನೂ ತಿದ್ದಿಲ್ಲ. ಜೊತೆಗೆ ಇಟ್ಟಿದ್ದೇನೆ.

ನಿನ್ನ ಅಪ್ಪ
ಅಮೃತಪ್ಪ


ಭಂಕೂರ
೨೦ ಅಕ್ಟೋಬರ್ ೧೯೩೭

ಸಾಬವ್ವ ಬರ್ಸೋದು.

ಸೋಲಾಪುರಕ್ಕ ಬರ್ಸಿದ್ದು ಒಂದೂ ನಿಂಗ ಮುಟ್ಟಿಲ್ಲ. ಮುಟ್ಟದಿದ್ದದ್ದೇ ಛಲೋ ಆಯ್ತು, ಭಾಳ ಬೈದಿದ್ದೆ.

ಕೂಸು ನಡೀಲಿಕತ್ತದ. ಆಡು ಮರಿ ಹಾಕ್ಯಾದ. ಮಳಿಗಿ ಹಿಂದಿನ ಗ್ವಾಡಿ ಬಿತ್ತು, ನಾನೇ ಕಲ್ಲು ಹೊತ್ತು ಒಟ್ಟೀನಿ. ನೀ ಕಟ್ಟಿದಷ್ಟು ನೆಟ್ಟಗ ಆಗಿಲ್ಲ.

ನನ್ನ ಮುಂದ ಸುಳ್ಳು ಹೇಳಿ ಹೋದಿ. ಸೋಲಾಪುರ ದೂರ ಅದ ಅಂತ ರೊಟ್ಟಿ ಹೆಚ್ಚಿಗಿ ಕಟ್ಟಿ ಕೊಟ್ಟೆ. ನೀ ಆ ಮೂವರ ಸಂಗ್ತಿ ಕೂತು ಆ ರೊಟ್ಟಿ ಉಂಡಿರಬೇಕು. ಹಸಿವಾಗಿತ್ತಂದ್ರ ನಂಗ ಹೇಳಬೇಕಿತ್ತು. ಇಬ್ಬರೂ ಕೂಡಿ ಹಸ್ಕೊಂಡಿರ್ತಿದ್ವಿ.

ಕುಂಕುಮ ಅಳಿಸಿಲ್ಲ. ಅಳಿಸಿದ್ರ ಊರು ಕೇಳ್ತದ, ಎಲ್ಲಿ ಸತ್ತ, ಹ್ಯಾಂಗ ಸತ್ತ ಅಂತದ. ಕೂಸಿಗಿ ಕಳ್ಳನ ಮಗಳು ಅಂತಾರ. ಅದಕ್ಕ ಹಚ್ಕೋತೀನಿ. ಹಚ್ಕೊಂಡಾಗೆಲ್ಲ ನಿನ್ನ ಸುಳ್ಳು ನಾನೂ ಹೇಳ್ಲಿಕತ್ತೀನಿ.

ಈ ಕಾಗದ ಓದ್ತಿರೋ ಬಾಯಿ ನಮ್ಮ ಮನಿಗಿ ಬಂದಿದ್ಳು. ನಾ ಒಂದು ಮಾತು ಕೇಳಿದೆ. ಗೊತ್ತಿಲ್ಲ ಅಂದ್ಳು. ಸುಳ್ಳು ಹೇಳಬೌದಿತ್ತು, ಹೇಳ್ಲಿಲ್ಲ. ಆಕಿಗಿ ಗೊತ್ತಿಲ್ಲ, ನಂಗ ಗೊತ್ತಿಲ್ಲ. ನಿಂಗ ಗೊತ್ತದ. ನಮ್ಮ ಮನ್ಯಾಗ ಒಂದು ದಿನಾನೂ ನನ್ನ ಮ್ಯಾಲ ಕೈ ಎತ್ತಿದಾಂವಲ್ಲ ನೀ. ಅದಕ್ಕ ಕೇಳ್ಲಿಕತ್ತೀನಿ.

ಆ ಬಡಿಗಿ ಆಕಿಗಿ ಹೊಡೀಲಿಕ್ಕ ಎತ್ತಿದ್ದೇನು?

ಸಾಬವ್ವ


ಕೊಡ್ಲಿ
೩೦ ಅಕ್ಟೋಬರ್ ೧೯೩೭

ತೀರ್ಥರೂಪ ಅಪ್ಪನವರಿಗೆ ಶರಣಾರ್ಥಿ.

ಕಾಗದ ಮುಟ್ಟಿತು. ಓದಬೇಕಾದ ಕಡೆ ಓದಿದೆ.

ಯಾರಿಗೂ ತಿಳಿಯದಂತೆ ಹೋಗಿ ಬರೋಣವೆಂದು ಮೊದಲು ಯೋಚಿಸಿದ್ದೆ. ಆಮೇಲೆ ಅದು ಬೇಡವೆನ್ನಿಸಿ ಇವರಿಗೆ ಎಲ್ಲ ಹೇಳಿದೆ. ಊಟ ಮಾಡುತ್ತಿದ್ದವರು ಕೈ ತೊಳೆದು ಎದ್ದು ಹೋದರು. ದೀಪ ಹಚ್ಚುವಾಗ ಬಂದು, ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಕಂಡವರಿಗೆಲ್ಲ ಆ ಕತೆ ಹೇಳಿಕೊಂಡು ತಿರುಗುತ್ತಿದ್ದಿರಿ, ನಡುವೆ ಹೇಳಲು ಜಾಗವಿರಲಿಲ್ಲ ಎಂದೆ. ಅವರು ಸಿಟ್ಟಾಗಲಿಲ್ಲ. ಹೊಸ ಬಂದೂಕಿನ ಪರವಾನಗಿ ಬಂದು ಪೆಟ್ಟಿಗೆಯಲ್ಲಿದೆ, ಅದರ ಮಾತು ಈಗ ತೆಗೆಯುವುದಿಲ್ಲ. ಹಳೆಯದು ಮಾತ್ರ ಹಂದಿಗೆಂದು ಮತ್ತೆ ಕಾಳಿನ ಕೋಣೆಯಲ್ಲಿ ಬಂದು ನಿಂತಿದೆ. ನಾನು ಆ ಕೋಣೆಗೆ ಹೋಗುತ್ತೇನೆ, ಬರುತ್ತೇನೆ.

ಅಮೀನ ಜಿಲಾನಿ ಸಾಹೇಬರು ಈ ತಿಂಗಳು ನೌಕರಿ ಮುಗಿಸಿ ಊರಿಗೆ ಹೋದರು. ಹೋಗುವ ಮೊದಲು ಇವರನ್ನು ಕರೆಸಿ, ಸತ್ತವನ ಗುರುತು ಸಿಗಲಿಲ್ಲವೆಂದು ಬರೆದು ಕಾಗದ ಮುಚ್ಚಿದ್ದೇನೆ ಎಂದರಂತೆ. ಭಂಕೂರಕ್ಕೆ ಯಾರೂ ಹೋಗುವುದಿಲ್ಲ. ಸಾಬವ್ವನಿಗೆ ಇದನ್ನು ತಿಳಿಸಿರಿ.

ನಿನ್ನೆ ಮುಂಜಾನೆ ಇವರೂ ನನ್ನ ಜೊತೆ ಹಳ್ಳಕ್ಕೆ ಬಂದರು. ಸತ್ತವನನ್ನು ಎಲ್ಲಿಟ್ಟರೆಂದು ತಳವಾರರನ್ನು ಕೇಳಿ ತಿಳಿದುಕೊಂಡಿದ್ದರು. ಗುರುತಿಗೆ ಏನೂ ಇಲ್ಲ, ಒಂದು ಜಾಲಿ ಗಿಡ ಇದೆ, ಆಚೆ ತೊಗರಿ ಆಳೆತ್ತರ ಬೆಳೆದು ಹೂವಾಗಿದೆ. ಬೇರೆ ಯಾರೂ ಓದಬಾರದೆಂದು ಅವಳು ಹೇಳಿದ್ದರಿಂದ ಇವರಿಗೆ ದೂರ ನಿಲ್ಲಲು ಹೇಳಿದೆ, ಬದುವಿನ ಮೇಲೆ ನಿಂತರು. ಹೊಲಕ್ಕೆ ಹೋಗುತ್ತಿದ್ದ ಹೆಂಗಸರು ಕೂಡ ಮಾತು ಕೇಳಿಸದಷ್ಟು ದೂರದ ದಾರಿಯಲ್ಲಿ ನಿಂತು ನೋಡಿದರು. ನಾನು ಗಟ್ಟಿಯಾಗಿಯೇ ಓದಿದೆ. ರೊಟ್ಟಿಯ ಮಾತು ಬಂದಲ್ಲಿ ಆ ಸಾಲನ್ನು ಎರಡನೆಯ ಸಲ ಓದಬೇಕಾಯಿತು. ಅವಳ ಮಾತನ್ನು ನನ್ನ ಬಾಯಲ್ಲಿ ಆಡುವಾಗ, ಅವನನ್ನು ಮನೆಯಲ್ಲಿ ಕಂಡ ಹಾಗೆ ಆಯಿತು, ಗೋಡೆ ಕಟ್ಟುವವನು, ರೊಟ್ಟಿ ಕಟ್ಟಿಸಿಕೊಂಡು ಹೋಗುವವನು. ಅಲ್ಲಿಯತನಕ ನಾನು ಅವನನ್ನು ಕಂಡದ್ದು ಅಂಗಳದಲ್ಲಿ ಮಾತ್ರ.

ಕೊನೆಯ ಸಾಲು ಓದಿ ಕಾಗದ ಮಡಚಲಿಲ್ಲ. ಹಾಗೇ ನಿಂತೆ. ಪ್ರಶ್ನೆ ಕೇಳಿದ ಮೇಲೆ ಕೂಡಲೇ ಹೊರಟುಬಿಡುವುದು ಸರಿಯಲ್ಲ ಎನ್ನಿಸಿತು. ಬಿಸಿಲು ಏರಿತು. ನಿಂತಿದ್ದ ಹೆಂಗಸರು ಹೊಲಕ್ಕೆ ಹೋದರು. ಬಹಳ ಹೊತ್ತಿನ ಮೇಲೆ ಇವರು ಬದುವಿನಿಂದ, "ಮುಗೀತೇನು?" ಎಂದು ಕೂಗಿ ಕೇಳಿದರು.

ಇನ್ನೂ ಇಲ್ಲ ಎಂದು ಕೈ ಮಾಡಿದೆ.

ನಿಮ್ಮ ಮಗಳು
ಗುರುದೇವಿ